ಇಪ್ಪತ್ಮೂರನೇ ಪುಟದ ಮೀನು

ಭಾನುವಾರ ಬೆಳಗಾದರೆ ತ್ರಿಸ್ತಾನ್ ನರ್ವಾಹಾ ಬೀದಿ ತುಂಬ
ತುಕ್ಕು ಹಿಡಿದ ಕೀಲಿಕೈ, ಗಿಣಿಯಿಲ್ಲದ ಪಂಜರ,
ಯಾರದೋ ಮದುವೆಯ ಫೋಟೋ, ಒಂಟಿ ಬೂಟು.
ನಡುವೆ ಒಂದು ಹಲಗೆ. ಹಲಗೆಯ ಮೇಲೆ
ಬೆನ್ನು ಮುರಿದ ಪತ್ತೇದಾರಿ, ಕೌಬಾಯ್, ದೆವ್ವ, ಮಂಗಳಗ್ರಹ.
ಓದಿದ್ದು ಎರಡು ಕೊಟ್ಟರೆ ಓದದ್ದು ಒಂದು,
ಮೇಲೊಂದು ನಾಣ್ಯ.
ಅಂಗಡಿಯವನ ಹೆಸರು ವಾಷಿಂಗ್ಟನ್. ನಗಬೇಡಿ,
ಮೊಂಟೆವಿಡಿಯೊದಲ್ಲಿ ಗಲ್ಲಿಗೊಬ್ಬ ವಾಷಿಂಗ್ಟನ್ ಇರುತ್ತಾನೆ;
ಇವನಿಗೆ ಎಡಗಣ್ಣಲ್ಲಿ ಪೊರೆ.

ಓದಿದ್ದನ್ನೇ ಮತ್ತೆ ಒಯ್ಯಬಾರದಲ್ಲ,
ಅದಕ್ಕೇ ಈ ಪುಸ್ತಕಗಳೊಳಗೆ ಗುಟ್ಟಿನ ಗುರುತು.
ಹೆಸರು ನೆನಪಿರುವುದಿಲ್ಲ, ಮುಖಪುಟವೆಲ್ಲ ಒಂದೇ:
ಕೆಂಪು ಲಂಗ, ಹೊಗೆಯಾಡುವ ಪಿಸ್ತೂಲು.
ಯಾರೋ ಒಂಬತ್ತನೇ ಪುಟದಲ್ಲಿ ಶಿಲುಬೆ ಗೀಚುತ್ತಾರೆ,
ಇನ್ಯಾರೋ ಕೊನೆಯ ಪುಟದ ಮೂಲೆ ಕಚ್ಚಿರುತ್ತಾರೆ,
ನಿಜವಾಗಿ, ಹಲ್ಲಿನಿಂದ.
ನನ್ನದು ನಲವತ್ತರಲ್ಲೊಂದು ಪುಟ್ಟ ಕುರ್ಚಿ.
ಮತ್ತೊಬ್ಬರದು, ಇಪ್ಪತ್ಮೂರರಲ್ಲಿ,
ಪೆನ್ಸಿಲ್ಲಿನ ಮೀನು.

ಹನ್ನೊಂದು ವರ್ಷದಿಂದ ಆ ಮೀನಿನ ಹಿಂದೆ ಬಿದ್ದಿದ್ದೇನೆ.
ಎಲ್ಲಿ ಹೋದರೂ ನನಗಿಂತ ಮುಂಚೆ ಈಜಿ ಹೋಗಿರುತ್ತದೆ.
ರಕ್ತಪಿಶಾಚಿಯ ಕಥೆಗಳಲ್ಲಿ ಬಾಲ ತುಸು ನಡುಗಿದೆ,
ಕೌಬಾಯ್ ಕಥೆಗಳಲ್ಲಿ ಅದಕ್ಕೆ ಭಾರಿ ಉಡಾಫೆ.
ಒಮ್ಮೊಮ್ಮೆ ಪಕ್ಕದಲ್ಲಿ ಸಣ್ಣಕ್ಷರ: ‘ಕೊಂದವನು ಡಾಕ್ಟರ್.’
ಒಂದು ಸಲವೂ ಸರಿಯಿಲ್ಲ.
ಡಾಕ್ಟರರ ಮೇಲೆ ಮೀನಿಗೇಕೆ ಅಷ್ಟು ಸಿಟ್ಟೋ!

ನನ್ನ ಕಸುಬೂ ಅದೇ. ವರ್ಷಕ್ಕೆರಡು ಹೆಣ ಬೀಳಿಸಿ
ಬಾಡಿಗೆ ಕಟ್ಟುತ್ತೇನೆ.
ನನ್ನ ಪತ್ತೇದಾರಿಣಿಗೆ ಅರ್ಧ ಸುಟ್ಟ ಬೆಂಕಿಕಡ್ಡಿ ಸಾಕು,
ನೂರೈವತ್ತು ಪುಟದಲ್ಲಿ ಊರನ್ನೇ ಜಾಲಾಡುತ್ತಾಳೆ.
ನನಗೋ, ಅಡುಗೆಮನೆಯ ನಲ್ಲಿ ಯಾಕೆ ತೊಟ್ಟಿಕ್ಕುತ್ತದೆಂದು
ಮೂರು ತಿಂಗಳಿಂದ ತಿಳಿದಿಲ್ಲ.
ಕೆಟಲ್ ಶಿಳ್ಳೆ ಹಾಕುತ್ತದೆ, ಬುರುಡೆಯ ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ಯುತ್ತೇನೆ,
ಕಿಟಕಿಯಾಚೆ ನೂರಾ ಇಪ್ಪತ್ತೊಂದನೇ ನಂಬರಿನ ಬಸ್ಸು ಕೆಮ್ಮಿ ಹೋಗುತ್ತದೆ.
ಏನೂ ಆಗುವುದಿಲ್ಲ.
ಏನೂ ಆಗದ ದಿನವನ್ನು ಬರೆಯುವುದು ಹೇಗೆಂದು
ಗಂಭೀರ ಸಾಹಿತ್ಯದವರಿಗೆ ಗೊತ್ತಿರಬಹುದು;
ನಾನು ಹೆದರಿ ಒಂದು ಗುಂಡು ಹಾರಿಸಿಬಿಡುತ್ತೇನೆ.

ಮಳೆ ಬಂದರೆ ಕೆಳಮನೆಯ ನಿಬಿಯಾ
ಹಿಟ್ಟು ನಾದಿ ರೊಟ್ಟಿ ಕರಿಯುತ್ತಾಳೆ. ಮಳೆಗೂ ಬಾಣಲೆಗೂ
ಈ ಊರಲ್ಲಿ ಹಳೇ ನಂಟು.
ನಾವು ಹೋಗುತ್ತಿದ್ದ ಟಾಕೀಸು ಈಗ ಪ್ರಾರ್ಥನಾಮಂದಿರ.
ಪರದೆಯಿದ್ದಲ್ಲಿ ಶಿಲುಬೆ, ಕುರ್ಚಿಗಳು ಮಾತ್ರ ಅವೇ.
ಅಲ್ಲೇ, ಏಳನೇ ಸಾಲಿನಲ್ಲಿ, ದೈತ್ಯ ಜೇಡಗಳು ಊರು ನುಂಗುವಾಗ
ಇವಳು ನನ್ನ ಮೊಣಕೈ ಹಿಂಡಿ ನೀಲಿಗಟ್ಟಿಸಿದ್ದಳು.
‘ಈಗಲೂ ಕಿರುಚುತ್ತಾರೆ,’ ಅನ್ನುತ್ತಾಳೆ,
‘ಜೇಡ ಕಾಣಿಸುವುದಿಲ್ಲ, ಅಷ್ಟೆ.’

ಹೋದ ವಾರ ವಾಷಿಂಗ್ಟನ್ನನ ಹಲಗೆಯ ಮೇಲೆ
ನನ್ನದೇ ಒಂದು ಕಾದಂಬರಿ,
ಮುಖಪುಟದ ಸುಂದರಿಯ ಹಣೆಗೆ ಕಾಫಿ ಲೋಟದ ಗುಂಡು ಕಲೆ.
ಕದಿಯುವವಳ ಹಾಗೆ ಅತ್ತಿತ್ತ ನೋಡಿ ಇಪ್ಪತ್ಮೂರಕ್ಕೆ ತಿರುವಿದೆ.
ಇತ್ತು ಮೀನು. ಪಕ್ಕದಲ್ಲಿ: ‘ಕೊಂದವನು ಡಾಕ್ಟರ್.’
ಆ ಕಥೆಯಲ್ಲಿ ಡಾಕ್ಟರೇ ಇಲ್ಲ!
ಅರವತ್ತೊಂದರಲ್ಲಿ ಒಂದು ಬಸ್ ಟಿಕೆಟ್,
ಅಲ್ಲಿಂದಾಚೆ ಹಾಳೆಗಳಿಗೆ ಬೆರಳಿನ ಜಿಡ್ಡಿಲ್ಲ.
ಬೇಸರವಾಯಿತೋ, ಸ್ಟಾಪು ಬಂತೋ,
ಅಥವಾ. ಆ ‘ಅಥವಾ’ದ ಮುಂದೆ ನಾನು ಹೋಗಲಿಲ್ಲ.
ವಾಷಿಂಗ್ಟನ್ನನ್ನು ಕೇಳಿದರೆ ಭುಜ ಹಾರಿಸಿದ:
‘ಯಾರೋ ಚೀಲ ತಂದು ಸುರಿದರು. ಒಯ್ಯುತ್ತೀರಾ, ಇಡುತ್ತೀರಾ?’
ನನ್ನ ಪುಸ್ತಕಕ್ಕೆ ನಾನೇ ನಾಣ್ಯ ಕೊಟ್ಟೆ.

ಈಗ ಹೊಸದೊಂದು ಶುರುಮಾಡಿದ್ದೇನೆ.
ಅದರಲ್ಲಿ ಕೊಲ್ಲುವವನು ಡಾಕ್ಟರ್, ಮೊದಲೇ ತೀರ್ಮಾನವಾಗಿದೆ.
ಕಾರಣ ಮಾತ್ರ ಹೊಳೆಯುತ್ತಿಲ್ಲ.
ಮಧ್ಯಾಹ್ನ ಮಳೆ ಹಿಡಿದಾಗ ನಿಬಿಯಾಳನ್ನು ಕೇಳಿದೆ:
‘ಒಬ್ಬ ಡಾಕ್ಟರ್ ಯಾಕೆ ಕೊಲ್ಲಬೇಕು ಹೇಳು.’
ಎಣ್ಣೆಯಿಂದ ರೊಟ್ಟಿ ಎತ್ತುತ್ತ, ತಿರುಗಿಯೂ ನೋಡದೆ,
‘ಯಾಕೇನು ಬಂತು?’ ಅಂದಳು. ‘ಅವನೇ ತಾನೇ ಯಾವಾಗಲೂ.’

ನಾನು ಅವಳ ಬೆರಳು ನೋಡಿದೆ.
ಹಿಟ್ಟು. ಬರೀ ಹಿಟ್ಟು.